ಬಾಣಂತನಕ್ಕೆ ಅಮ್ಮ, ಉದ್ಯೋಗಕ್ಕೆ ನಾನು: ಜರ್ಮನಿಗೆ ಯಾರಿಗೆ ಯಾವ ವೀಸಾ?

ಪ್ರಶ್ನೆ: ತುಮಕೂರಿನವನು

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ. ವಿಟಿಯುವಿನ ಮೆಕ್ಯಾನಿಕಲ್ ಬಿ.ಇ. ಪದವಿ ಪಡೆದು, ಪೀಣ್ಯದ ಕಾರ್ಖಾನೆಯೊಂದರ ಡಿಸೈನ್ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೆಂಡತಿ ಬಿ.ಎಸ್ಸಿ. ನರ್ಸಿಂಗ್ ಓದಿ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ನಾಲ್ಕು ವರ್ಷದ ಮಗಳಿದ್ದಾಳೆ.

ನನ್ನ ತಂಗಿ ಮತ್ತು ಅವಳ ಗಂಡ 2022ರಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಅವರಿಗೆ ಬ್ಲೂ ಕಾರ್ಡ್ (ಪದವಿ ಪಡೆದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸ ಮತ್ತು ಕೆಲಸದ ಅನುಮತಿ) ಇದೆ. ತಂಗಿಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೆರಿಗೆಯ ದಿನ ಕೊಟ್ಟಿದ್ದಾರೆ. ಚೊಚ್ಚಲ ಬಾಣಂತನವಾದ್ದರಿಂದ ಅಮ್ಮ ಹೋಗಲೇಬೇಕು. ಅಮ್ಮ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಪಿಂಚಣಿ ಬರುತ್ತದೆ, ವಿದೇಶಕ್ಕೆ ಹೋಗುತ್ತಿರುವುದು ಇದೇ ಮೊದಲು.

ನನಗೂ ಅಲ್ಲಿ ಕೆಲಸ ಹುಡುಕುವ ಆಸೆ ಹಲವು ವರ್ಷಗಳಿಂದ ಇದೆ. ಬೆಂಗಳೂರಿನ ಏಜೆಂಟರೊಬ್ಬರನ್ನು ವಿಚಾರಿಸಿದಾಗ, "ತಾಯಿಯವರ ಜೊತೆಗೇ ನೀವೂ ವಿಸಿಟ್ ವೀಸಾ ತೆಗೆದುಕೊಳ್ಳಿ, ಅಲ್ಲಿ ಹೋಗಿ ಇಂಟರ್‌ವ್ಯೂ ಕೊಡಿ, ಕೆಲಸ ಸಿಕ್ಕಿದ ಕೂಡಲೇ ಅಲ್ಲೇ ವರ್ಕ್ ಪರ್ಮಿಟ್‌ಗೆ ಬದಲಾಯಿಸಬಹುದು" ಎಂದರು. ಇದಕ್ಕೆ ಎರಡೂವರೆ ಲಕ್ಷ ರೂಪಾಯಿ ಕೇಳಿದ್ದಾರೆ. ಇನ್ನೊಬ್ಬರು ಆಪರ್ಚುನಿಟಿ ಕಾರ್ಡ್ ಎಂಬುದರ ಬಗ್ಗೆ ಹೇಳಿದರು. ಮುಂದೆ ಹೆಂಡತಿ, ಮಗಳು, ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಅಲ್ಲಿಯೇ ನೆಲೆಸುವ ಯೋಚನೆ ನನ್ನದು. ಯಾವ ವೀಸಾಗೆ ಅರ್ಜಿ ಹಾಕುವುದು ಸರಿ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನೆಕ್ಕಾರ್ ತೀರದವನು

ನಮಸ್ಕಾರ ಸರ್. ನಾನು ಏಳು ವರ್ಷಗಳಿಂದ ಸ್ಟುಟ್‌ಗಾರ್ಟ್ ಸಮೀಪದಲ್ಲೇ ಇದ್ದೇನೆ, ನಿಮ್ಮಂತೆ ಮೆಕ್ಯಾನಿಕಲ್ ಓದಿದವನು. ಮೊದಲಿಗೆ ಒಂದು ಮಾತು: ಆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವಿಸಿಟ್ ವೀಸಾ ಎಂದು ನಾವು ಕರೆಯುವ ಷೆಂಗೆನ್ ವೀಸಾ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್), ಬಂದು ನೋಡಿ ಹಿಂದಿರುಗುವವರಿಗಾಗಿ ಇರುವ ಅಲ್ಪಾವಧಿಯ ಅನುಮತಿ. ಅದರ ಮೇಲೆ ಇಲ್ಲಿಗೆ ಬಂದವರಿಗೆ ನಿಜವಾಗಿಯೇ ಒಳ್ಳೆಯ ಕೆಲಸ ಸಿಕ್ಕಿದರೂ, ಊರಿಗೆ ಮರಳಿ ಬೆಂಗಳೂರಿನಿಂದ ರಾಷ್ಟ್ರೀಯ ವೀಸಾಗೆ (ಜರ್ಮನಿಯ ದೀರ್ಘಾವಧಿಯ ವೀಸಾ) ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಇಲ್ಲೇ ಕುಳಿತು ಬದಲಾಯಿಸಿಕೊಳ್ಳುವ ದಾರಿ ಅವರಿಗಿಲ್ಲ. ಏಜೆಂಟರ ಮಾತು ಇಷ್ಟೊಂದು ಜನರಿಗೆ ನಂಬುವಂತೆ ಕಾಣಲು ಕಾರಣವೇನೆಂದರೆ, ಅಂತಹ ಬದಲಾವಣೆ ಜರ್ಮನಿಯಲ್ಲಿ ದಿನವೂ ನಡೆಯುತ್ತದೆ. ಆದರೆ ಅದು ನಡೆಯುವುದು ವಿದ್ಯಾರ್ಥಿ ವೀಸಾ ಅಥವಾ ಆಪರ್ಚುನಿಟಿ ಕಾರ್ಡ್‌ನಂತಹ ದೀರ್ಘಾವಧಿಯ ಅನುಮತಿಯ ಮೇಲೆ ಬಂದವರಿಗೆ. ಒಂದು ವೀಸಾದ ಸತ್ಯವನ್ನು ಇನ್ನೊಂದು ವೀಸಾಗೆ ಅಂಟಿಸಿ ಮಾರುತ್ತಿದ್ದಾರೆ.

ನಿಮ್ಮ ನಿಜವಾದ ಉದ್ದೇಶ ಉದ್ಯೋಗವಾಗಿದ್ದು ಅರ್ಜಿಯಲ್ಲಿ ಪ್ರವಾಸ ಎಂದು ಬರೆದರೆ, ಅದು ತಿಳಿದುಬಂದ ದಿನ ವೀಸಾ ತಿರಸ್ಕೃತವಾಗಬಹುದು, ಕೊಟ್ಟಿದ್ದರೆ ರದ್ದೂ ಆಗಬಹುದು. ಆ ದಾಖಲೆ ಷೆಂಗೆನ್ ದೇಶಗಳೆಲ್ಲವೂ ನೋಡಬಲ್ಲ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಉಳಿಯುತ್ತದೆ. ತಾಯಿಯವರ ಅರ್ಜಿಯ ಜೊತೆಗೆ ನಿಮ್ಮದನ್ನೂ ಸೇರಿಸಿದರೆ, ನಿಮ್ಮ ಮೇಲಿನ ಸಂಶಯ ಅವರ ಮೇಲೂ ಬೀಳುವ ಅಪಾಯವಿದೆ. ಬಾಣಂತನದ ಹೊತ್ತಿಗೆ ಆ ತಾಯಿ ಮಗಳ ಬಳಿಗೆ ಹೋಗಲಾಗದಂತೆ ಮಾಡಿಕೊಳ್ಳಬೇಡಿ.

ಈಗ ನಿಮ್ಮ ದಾರಿಯ ವಿಷಯ. ನಿಮಗೆ ಸೂಕ್ತವಾದವು ಎರಡೇ.

ಬ್ಲೂ ಕಾರ್ಡ್ ಬೇಕಾದರೆ ಕೆಲಸದ ಒಪ್ಪಂದ ಮೊದಲೇ ಕೈಯಲ್ಲಿರಬೇಕು. ಕನಿಷ್ಠ ಸಂಬಳ ಪ್ರತಿವರ್ಷ ಬದಲಾಗುತ್ತದೆ: ವಾರ್ಷಿಕ ಒಟ್ಟು ಸಂಬಳ 2025ರಲ್ಲಿ 48,300 ಯೂರೊ ಇದ್ದದ್ದು 2026ಕ್ಕೆ 50,700 ಯೂರೊ ಆಗಿದೆ. ಆದರೆ ಜನರ ಕೊರತೆಯಿರುವ ವೃತ್ತಿಗಳಿಗೆ ಕಡಿಮೆ ಮಿತಿ ಇದ್ದು, ಅದು 2026ರಲ್ಲಿ 45,934.20 ಯೂರೊ. ಇಂಜಿನಿಯರಿಂಗ್ ಆ ಪಟ್ಟಿಯಲ್ಲಿದೆ. ಒಪ್ಪಂದ ಕನಿಷ್ಠ ಆರು ತಿಂಗಳದ್ದಾಗಿರಬೇಕು.

ಎರಡನೆಯದು 2024ರ ಜೂನ್ 1ರಿಂದ ಜಾರಿಯಲ್ಲಿರುವ ಆಪರ್ಚುನಿಟಿ ಕಾರ್ಡ್; ಇಲ್ಲಿನವರು ಚಾನ್ಸೆನ್‌ಕಾರ್ಟೆ ಎನ್ನುತ್ತಾರೆ. ಕೆಲಸ ಸಿಗುವ ಮೊದಲೇ ಇಲ್ಲಿಗೆ ಬಂದು ಒಂದು ವರ್ಷದವರೆಗೆ ಹುಡುಕಲು ಅವಕಾಶ ಕೊಡುವುದು ಇದೇ. ಹುಡುಕುತ್ತಿರುವಾಗ ವಾರಕ್ಕೆ 20 ಗಂಟೆಗಳವರೆಗೆ ಅರೆಕಾಲಿಕ ಕೆಲಸ ಮಾಡಬಹುದು. ಒಂದು ಕಂಪನಿಯಲ್ಲಿ ಎರಡು ವಾರ ಪ್ರಾಯೋಗಿಕವಾಗಿ ದುಡಿದು ನೋಡಬಹುದು. ತಕ್ಕ ಕೆಲಸ ಸಿಕ್ಕಿದರೆ ಊರಿಗೆ ಮರಳದೆ ಇಲ್ಲಿಯೇ ಬ್ಲೂ ಕಾರ್ಡ್‌ಗೆ ಬದಲಾಗಬಹುದು. ನಿಮ್ಮ ಏಜೆಂಟರು ಹೇಳಿದ್ದು ಇಂತಹ ದೀರ್ಘಾವಧಿಯ ಅನುಮತಿಯ ವಿಷಯದಲ್ಲಿ ಮಾತ್ರ ನಿಜ.

ಪದವಿ ಜರ್ಮನಿಯಲ್ಲಿ ಪೂರ್ಣವಾಗಿ ಮಾನ್ಯವಾಗಿದ್ದರೆ ಅಂಕಗಳ ಲೆಕ್ಕವೇ ಬೇಕಿಲ್ಲ. ಇಲ್ಲದಿದ್ದರೆ ಆರು ಅಂಕಗಳು ಬೇಕು. ಅದಕ್ಕೂ ಮೊದಲು ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಇರಲೇಬೇಕು (ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಎಂದು ಏರುತ್ತವೆ, ಎ1 ಆರಂಭದ್ದು). ನೀವು ಹೇಳಿದ ವಿವರಗಳಂತೆ ಎಣಿಸಿದರೆ, ವಯಸ್ಸು 35 ದಾಟದಿರುವುದರಿಂದ ಎರಡು, ಕಳೆದ ಏಳು ವರ್ಷಗಳಲ್ಲಿ ಐದು ವರ್ಷಕ್ಕೂ ಹೆಚ್ಚಿನ ಅನುಭವಕ್ಕೆ ಮೂರು, ಕೊರತೆಯಿರುವ ವೃತ್ತಿಗೆ ಒಂದು, ಒಟ್ಟು ಆರು. ಎ2 ಮಟ್ಟದ ಜರ್ಮನ್ ಕಲಿತರೆ ಇನ್ನೊಂದು, ಬಿ1 ಆದರೆ ಎರಡು ಹೆಚ್ಚಾಗುತ್ತವೆ. 35 ದಾಟಿದ ಮೇಲೆ ವಯಸ್ಸಿನ ಒಂದು ಅಂಕ ಕಳೆದುಹೋಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಿಮ್ಮ ಪದವಿಯ ಸ್ಥಾನವನ್ನು ಅನಾಬಿನ್ ಎಂಬ ಸರ್ಕಾರಿ ದತ್ತಾಂಶದಲ್ಲಿ ನೀವೇ ನೋಡಬಹುದು. ಅಲ್ಲಿ ಕಾಲೇಜಿನ ಹೆಸರಿನಿಂದ ಹುಡುಕಿ ಸಿಗದೆ ಗಾಬರಿಯಾಗುವವರು ಬಹಳ ಮಂದಿ; ಪದವಿ ಕೊಟ್ಟಿರುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಆದ್ದರಿಂದ ಆ ಹೆಸರಿನಲ್ಲೇ ಹುಡುಕಬೇಕು.

ಹಣದ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಆಪರ್ಚುನಿಟಿ ಕಾರ್ಡ್‌ಗೆ 2025ರ ಲೆಕ್ಕದಂತೆ ತಿಂಗಳಿಗೆ 1,091 ಯೂರೊ, ಅಂದರೆ ವರ್ಷಕ್ಕೆ 13,092 ಯೂರೊ ತೋರಿಸಬೇಕಿತ್ತು. ಸಾಮಾನ್ಯವಾಗಿ ಇದನ್ನು ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡುತ್ತಾರೆ. ಅರ್ಜಿ ಹಾಕುವ ದಿನದ ಮೊತ್ತವನ್ನು ಮೇಕ್ ಇಟ್ ಇನ್ ಜರ್ಮನಿ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಿ. ರಾಷ್ಟ್ರೀಯ ವೀಸಾದ ಶುಲ್ಕ 75 ಯೂರೊ ಮಾತ್ರ. ಎರಡೂವರೆ ಲಕ್ಷದಲ್ಲಿ ಏನೇನು ಸೇರಿದೆಯೆಂದು ನಿಮ್ಮ ಏಜೆಂಟರನ್ನು ಕೇಳಿ ನೋಡಿ. ನಮ್ಮ ದೇಶದ ನಿಯಮದಂತೆ, ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕವೇ 30,000 ರೂಪಾಯಿ ಮತ್ತು ಜಿಎಸ್‌ಟಿ. ನೋಂದಾಯಿತರ ಪಟ್ಟಿ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2024ರಿಂದೀಚೆಗೆ ಈ ಭಾಗದ ಕಾರು ಉದ್ಯಮದಲ್ಲಿ ಸಾವಿರಾರು ಹುದ್ದೆಗಳ ಕಡಿತ ಘೋಷಣೆಯಾಗಿದೆ. ಸಾಫ್ಟ್‌ವೇರ್‌ನವರಂತೆ ಇಂಗ್ಲಿಷ್ ಒಂದರಿಂದಲೇ ನಡೆಯುವ ವೃತ್ತಿ ನಮ್ಮದಲ್ಲ. ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಡ್ರಾಯಿಂಗ್‌ನಿಂದ ಹಿಡಿದು ಶಾಪ್ ಫ್ಲೋರ್‌ನ ಮಾತಿನವರೆಗೆ ಎಲ್ಲವೂ ಜರ್ಮನ್‌ನಲ್ಲಿ ನಡೆಯುತ್ತದೆ. ಆದ್ದರಿಂದ ಈಗಿನ ಕೆಲಸ ಬಿಡದೆ ಬಿ1 ಮುಗಿಸಿ, ಅಲ್ಲಿಂದಲೇ ಅರ್ಜಿಗಳನ್ನು ಕಳುಹಿಸಿ, ನೇರವಾಗಿ ಬ್ಲೂ ಕಾರ್ಡ್‌ಗೆ ಪ್ರಯತ್ನಿಸಿ. ಅದು ಕೈಗೂಡದಿದ್ದರೆ ಮಾತ್ರ ಆಪರ್ಚುನಿಟಿ ಕಾರ್ಡ್ ಹಿಡಿದು ಬನ್ನಿ. ಬಂದರೂ ಮೊದಲು ನೀವೊಬ್ಬರೇ ಬನ್ನಿ.

ಉತ್ತರ: ಶಿವಮೊಗ್ಗದ ಅಜ್ಜಿ

ನಾನು ಕಳೆದ ವರ್ಷ ಮಗಳ ಬಾಣಂತನಕ್ಕೆ ಜರ್ಮನಿಗೆ ಹೋಗಿ ಬಂದವಳು. ಆದ್ದರಿಂದ ನಿಮ್ಮ ತಾಯಿಯವರ ವಿಷಯವನ್ನು ಮಾತ್ರ ಬರೆಯುತ್ತೇನೆ.

ಅವರಿಗೆ ಬೇಕಾಗಿರುವುದು ಬಂಧುಗಳ ಭೇಟಿಗಾಗಿ ಕೊಡುವ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ, ವೀಸಾ ಅರ್ಜಿಗಳನ್ನು ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. ಸೇವಾ ಶುಲ್ಕ ಬೇರೆ.

ನಾವು ಹಿರಿಯರು ತಪ್ಪುವುದು ದಿನಗಳ ಲೆಕ್ಕದಲ್ಲಿ. ನಿಯಮವಿರುವುದು ಮೂರು ತಿಂಗಳೆಂದಲ್ಲ, 180 ದಿನಗಳಲ್ಲಿ 90 ದಿನಗಳೆಂದು. ಇಳಿದ ದಿನವೂ ಹೊರಟ ದಿನವೂ ಅದರಲ್ಲಿ ಸೇರುತ್ತವೆ. ನಿಮ್ಮ ತಾಯಿ ಆಗಸ್ಟ್ 20ಕ್ಕೆ ಅಲ್ಲಿ ಇಳಿದರೆಂದು ಇಟ್ಟುಕೊಳ್ಳಿ. ತೊಂಬತ್ತನೆಯ ದಿನ ನವೆಂಬರ್ 17. ಮೂರು ತಿಂಗಳೆಂದು ಲೆಕ್ಕ ಹಾಕಿ ನವೆಂಬರ್ 20ಕ್ಕೆ ಟಿಕೆಟ್ ಮಾಡಿಸಿದರೆ ಮೂರು ದಿನ ಹೆಚ್ಚಾಯಿತು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬಂದುಹೋಗುವುದನ್ನು ಯಂತ್ರವೇ ದಾಖಲಿಸುವ ವ್ಯವಸ್ಥೆ ಆರಂಭವಾಗಿದೆ, ಮುದ್ರೆ ಮಸುಕಾಗಿತ್ತು ಎನ್ನುವ ಕಾಲ ಮುಗಿಯಿತು. ಹೀಗೆ ಒಂದೇ ಸಲಕ್ಕೆ 90 ದಿನ ಮುಗಿಸಿದವರು ಫೆಬ್ರುವರಿ ಮಧ್ಯಭಾಗದವರೆಗೆ ಮತ್ತೆ ಕಾಲಿಡುವಂತಿಲ್ಲ.

ಹೆರಿಗೆ ಸೆಪ್ಟೆಂಬರ್ 5ಕ್ಕೆ ಆದರೂ ಬಾಣಂತಿಗೆ ಸಿಗುವುದು 74 ದಿನಗಳು. ಮುಂಚಿತವಾಗಿ ಹೋಗಿ ಕುಳಿತಷ್ಟೂ ಆಮೇಲಿನ ದಿನಗಳು ಕರಗುತ್ತವೆ. ನಾವು ಮಾಡಿದ್ದು ಹೀಗೆ: ಹೆರಿಗೆಗೆ ಹತ್ತು ದಿನ ಮೊದಲು ನಾನು ಹೋದೆ, ನಾನು ಹೊರಡುವ ವಾರದಲ್ಲಿ ನಮ್ಮ ಬೀಗಿತ್ತಿಯವರು ಬಂದರು. ಒಬ್ಬೊಬ್ಬರ ದಿನಗಳೂ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಇಬ್ಬರು ಅಜ್ಜಿಯರ ಕೈಯೂ ಸಿಕ್ಕಿತು.

ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮಗಳ ಹೆರಿಗೆಗೆ ಹೋಗುತ್ತಿದ್ದೇನೆ ಎನ್ನುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಅಲ್ಲಿನ ವೈದ್ಯರಿಂದ ಹೆರಿಗೆಯ ದಿನದ ಪತ್ರ ತರಿಸಿ ಲಗತ್ತಿಸಿ. ನಿಮ್ಮ ತಂಗಿಯ ಗಂಡ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಸಂಬಳದ ಚೀಟಿಗಳನ್ನು ತೋರಿಸಿ, ಅತ್ತೆಯವರ ಖರ್ಚಿನ ಹೊಣೆ ತನ್ನದು ಎಂಬ ಮುಚ್ಚಳಿಕೆ ಪತ್ರ ಮಾಡಿಸಬಹುದು. ಫರ್‌ಫ್ಲಿಷ್‌ಟುಂಗ್ಸ್‌ಎರ್‌ಕ್ಲೇರುಂಗ್ ಎಂದು ಅದರ ಹೆಸರು. ಅದರ ಮೂಲ ಪ್ರತಿ ಕೊರಿಯರ್‌ನಲ್ಲಿ ಬರಬೇಕು, ಆ ಕಚೇರಿಯಲ್ಲಿ ಸಮಯ ಸಿಗುವುದೂ ತಡವಾಗಬಹುದು. ಇಂದೇ ಆರಂಭಿಸಲು ಹೇಳಿ.

ಮರಳಿ ಬರುತ್ತಾರೆ ಎಂಬ ನಂಬಿಕೆ ಅಧಿಕಾರಿಗಳಿಗೆ ಮೂಡಬೇಕು. ಪಿಂಚಣಿ ಪಾವತಿ ಆದೇಶ, ಪಿಂಚಣಿ ಜಮೆಯಾಗುವ ಬ್ಯಾಂಕ್ ಖಾತೆಯ ವಿವರ, ಮನೆಯ ಕಂದಾಯ ರಸೀದಿ, ಜಮೀನಿದ್ದರೆ ಪಹಣಿ, ಇವು ನಮ್ಮಂತಹವರಿಗೆ ಒಳ್ಳೆಯ ಆಧಾರಗಳು. ಕನ್ನಡದಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ ಸೇರಿಸಿ. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ಅಗ್ಗದ್ದನ್ನು ಹುಡುಕಬೇಡಿ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅದರಿಂದಾಗುವ ತೊಂದರೆಗೆ ವಿಮೆ ಸಲ್ಲುತ್ತದೆಯೇ ಎಂದು ಬರಹದಲ್ಲಿ ಓದಿಕೊಳ್ಳಿ. ನನಗೆ ಅಲ್ಲಿ ಒಂದು ರಾತ್ರಿ ತಲೆಸುತ್ತು ಬಂದು ಆಸ್ಪತ್ರೆಗೆ ಹೋಗಬೇಕಾಯಿತು. ಮೊದಲೇ ಇದ್ದ ಬಿಪಿಯೇ ಕಾರಣವೆಂದು ವಿಮೆಯವರು ಹಣ ಕೊಡಲಿಲ್ಲ, ಅಳಿಯನೇ ಕಟ್ಟಿದ. ಆ ಸಂಕೋಚ ಇಂದಿಗೂ ಹೋಗಿಲ್ಲ.

ಉತ್ತರ: ಮ್ಯೂನಿಕ್ ಕನ್ನಡತಿ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ನೆಲೆಸುವ ಮಾತು ಬಂದಿರುವುದರಿಂದ, ಗಂಡನ ಹಿಂದೆ ಇಲ್ಲಿಗೆ ಬಂದ ನಾನು ಆ ಭಾಗವನ್ನು ತಿಳಿಸುತ್ತೇನೆ.

ನಿಮಗೆ ಬ್ಲೂ ಕಾರ್ಡ್ ದೊರೆತರೆ ನಿಮ್ಮ ಹೆಂಡತಿ ವೀಸಾಗಾಗಿ ಜರ್ಮನ್ ಪರೀಕ್ಷೆಯ ಪ್ರಮಾಣಪತ್ರ ಕೊಡಬೇಕಾಗಿಲ್ಲ, ಬಂದ ಮೇಲೆ ಯಾವ ಕೆಲಸವನ್ನಾದರೂ ಮಾಡಲು ಅನುಮತಿ ಇರುತ್ತದೆ. ಆದರೆ ಆ ವಿನಾಯಿತಿಯನ್ನು ನಂಬಿ ಭಾಷೆ ಕಲಿಯದೆ ಬರಬೇಡಿ ಎಂದು ಅವರಿಗೆ ಹೇಳಿ. ನಾನು ಹಾಗೆಯೇ ಬಂದು ಎರಡು ವರ್ಷ ಮನೆಯಲ್ಲೇ ಕುಳಿತೆ. ಡಾಕ್ಟರ ಬಳಿ ಮಗುವಿಗೆ ಏನಾಗಿದೆ ಎಂದು ಹೇಳುವುದಕ್ಕೂ ಗಂಡ ರಜೆ ಹಾಕಬೇಕಾಗಿತ್ತು.

ನಿಮ್ಮ ಪ್ರಶ್ನೆಯಲ್ಲಿ ನೀವು ಗಮನಿಸದೆ ಬಿಟ್ಟ ಸಂಗತಿಯೊಂದಿದೆ. ನಿಮ್ಮಿಬ್ಬರಲ್ಲಿ ಜರ್ಮನಿಗೆ ಹೆಚ್ಚು ಬೇಕಾಗಿರುವವರು ನಿಮ್ಮ ಹೆಂಡತಿಯೇ ಇರಬಹುದು. ಇಲ್ಲಿ ಆಸ್ಪತ್ರೆಗಳಲ್ಲೂ ವೃದ್ಧಾಶ್ರಮಗಳಲ್ಲೂ ದಾದಿಯರ ಕೊರತೆ ತೀವ್ರವಾಗಿದೆ. ಆದರೆ ದಾದಿಯರದ್ದು ಪರವಾನಗಿ ಬೇಕಾದ ವೃತ್ತಿ. ಇಂಜಿನಿಯರ್ ಹಾಗೆ ಪದವಿ ತೋರಿಸಿ ಸೇರಿಕೊಳ್ಳುವಂತಿಲ್ಲ. ಆಯಾ ರಾಜ್ಯದ ಪ್ರಾಧಿಕಾರ ಅವರ ಓದಿನ ವಿಷಯಗಳನ್ನೂ ತರಬೇತಿಯ ಗಂಟೆಗಳನ್ನೂ ಇಲ್ಲಿನದರೊಂದಿಗೆ ಹೋಲಿಸಿ, ಕೊರತೆ ಕಂಡರೆ ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ ಪೂರೈಸಲು ಹೇಳುತ್ತದೆ. ಆ ಅವಧಿಗೆಂದೇ ಪ್ರತ್ಯೇಕ ವೀಸಾ ಇದೆ, ಆಗ ಸಹಾಯಕಿಯಾಗಿ ಸಂಬಳಕ್ಕೆ ದುಡಿಯಬಹುದು. ಪೂರ್ಣ ಪರವಾನಗಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಕೆಲಸದ ಜೊತೆಗೆ ಅದನ್ನು ಕಲಿಯಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾದೀತು. ಇಬ್ಬರೂ ಇಂದಿನಿಂದ ಒಟ್ಟಿಗೆ ಕಲಿಯಿರಿ, ಯಾರ ದಾರಿ ಮೊದಲು ತೆರೆಯುತ್ತದೋ ಅವರು ಮೊದಲು ಬರಲಿ.

ಬ್ಲೂ ಕಾರ್ಡ್‌ನಲ್ಲಿ 27 ತಿಂಗಳು ದುಡಿದು ಪಿಂಚಣಿ ನಿಧಿಗೆ ವಂತಿಗೆ ಕಟ್ಟಿದವರು ಎ1 ಮಟ್ಟದ ಭಾಷೆಯೊಂದಿಗೆ ಕಾಯಂ ವಾಸದ ಅನುಮತಿ ಕೇಳಬಹುದು. ಬಿ1 ಇದ್ದರೆ 21 ತಿಂಗಳೇ ಸಾಕು. ಪೌರತ್ವಕ್ಕೆ ಐದು ವರ್ಷಗಳ ವಾಸ ಬೇಕು. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವಗಳನ್ನು ಒಪ್ಪುತ್ತಿದೆ, ಆದರೆ ಭಾರತ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಓಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಮಾತ್ರ ಸಿಗುತ್ತದೆ. ಓಸಿಐ ಇರುವವರು ನಮ್ಮಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ತುಮಕೂರು ಸೀಮೆಯವರಿಗೆ ತೆಂಗಿನ ತೋಟದ ಬೆಲೆ ಗೊತ್ತಿರುವುದರಿಂದ ಇದನ್ನು ಹೇಳುತ್ತಿದ್ದೇನೆ. ನಾನು ಕಾಯಂ ವಾಸದ ಅನುಮತಿಯಲ್ಲೇ ನಿಂತಿದ್ದೇನೆ, ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸು ಬಂದಿಲ್ಲ.

ತಾಯಿಯವರನ್ನು ಶಾಶ್ವತವಾಗಿ ಕರೆತರುವ ವಿಷಯ. 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ನುರಿತ ಕೆಲಸಗಾರರ ಅನುಮತಿ ಪಡೆದವರು ತಂದೆತಾಯಿಯರನ್ನು ಕರೆತರಬಹುದು ಎಂದು ಕಾನೂನು ಬದಲಾಗಿದೆ. ನಿಮ್ಮ ತಂಗಿಯ ಮನೆಯವರು 2022ರಲ್ಲೇ ಅನುಮತಿ ಪಡೆದಿರುವುದರಿಂದ ಅವರಿಗೆ ಇದು ಅನ್ವಯಿಸುವುದಿಲ್ಲ, ಇನ್ನು ಮುಂದೆ ಬರುವ ನಿಮಗೆ ಅನ್ವಯಿಸುತ್ತದೆ. ಆದರೆ ತಾಯಿಯವರ ಆರೋಗ್ಯ ವಿಮೆಯ ಪೂರ್ಣ ಹೊಣೆ ನಿಮ್ಮದು. ಹೆಂಡತಿ ಮಕ್ಕಳು ಸೇರುವ ಸಾರ್ವಜನಿಕ ಕುಟುಂಬ ವಿಮೆಯಲ್ಲಿ ತಂದೆತಾಯಿ ಸೇರುವುದಿಲ್ಲ, ಹಿರಿಯ ವಯಸ್ಸಿನವರಿಗೆ ಖಾಸಗಿ ವಿಮೆ ಸಿಗುವುದೂ ಕಷ್ಟ, ಸಿಕ್ಕಿದರೆ ದುಬಾರಿ. ಈ ಒಂದು ಕಾರಣಕ್ಕೆ ಹಿಂದೆ ಸರಿದ ಕುಟುಂಬಗಳನ್ನು ನಾನು ಬಲ್ಲೆ.

ಪ್ರತಿಕ್ರಿಯೆ: ತುಮಕೂರಿನವನು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಏಜೆಂಟರಿಗೆ ಮುಂಗಡ ಕೊಟ್ಟಿರಲಿಲ್ಲ, ಇಂದು ಫೋನ್ ಮಾಡಿ ಬೇಡವೆಂದು ತಿಳಿಸಿದೆ. ಅಮ್ಮನ ಅರ್ಜಿ ಅವರೊಬ್ಬರದೇ ಇರುತ್ತದೆ. ಆಗಸ್ಟ್ 26ಕ್ಕೆ ಇಳಿಯುವಂತೆ, ಆಮೇಲೆ ತಂಗಿಯ ಅತ್ತೆ ಹೋಗುವಂತೆ ಬೀಗರೊಂದಿಗೆ ಮಾತಾಡಿದ್ದೇವೆ. ಹೆಂಡತಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ರಾತ್ರಿ ಅವಳಿಗೆ ನಿಮ್ಮ ಉತ್ತರವನ್ನು ಓದಿಸಿದೆ. ಇಬ್ಬರೂ ಎ1 ತರಗತಿಗೆ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಿಚಾರಿಸಲಿದ್ದೇವೆ.

ಎರಡು ಸಂಶಯಗಳು ಉಳಿದಿವೆ. ನಮ್ಮ ಮದುವೆ ಊರಿನ ದೇವಸ್ಥಾನದಲ್ಲಿ ಆಯಿತು, ಲಗ್ನಪತ್ರಿಕೆ ಬಿಟ್ಟರೆ ಬೇರೆ ದಾಖಲೆಯಿಲ್ಲ. ನನ್ನ ಅಂಕಪಟ್ಟಿಗಳಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಅಕ್ಷರ ಅಪ್ಪನ ಪೂರ್ಣ ಹೆಸರಾಗಿ ಸರ್‌ನೇಮ್ ಜಾಗದಲ್ಲಿದೆ. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಮ್ಯೂನಿಕ್ ಕನ್ನಡತಿ

ಲಗ್ನಪತ್ರಿಕೆ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆಯನ್ನು ಈಗಲೂ ನೋಂದಾಯಿಸಬಹುದು, ಕಾವೇರಿ ಜಾಲತಾಣದ ಮೂಲಕವೂ ಅರ್ಜಿ ಹಾಕಬಹುದು. ಅಲ್ಲಿ ಇಬ್ಬರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ, ಅಕ್ಷರಕ್ಕೆ ಅಕ್ಷರ ಬರೆಸಿ. ಮಗಳ ಜನನ ಪ್ರಮಾಣಪತ್ರದಲ್ಲೂ ತಂದೆತಾಯಿಯ ಹೆಸರು ಹಾಗೆಯೇ ಇದೆಯೇ ಎಂದು ಇಂದೇ ತೆಗೆದು ನೋಡಿ. ತಿದ್ದುಪಡಿ ಬೇಕಾದರೆ ಅದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ.

ಇನಿಷಿಯಲ್ ವಿಷಯದಲ್ಲಿ ನನ್ನ ಗಂಡನದೂ ಇದೇ ಪರಿಸ್ಥಿತಿ ಇತ್ತು. ಅರ್ಜಿ, ಒಪ್ಪಂದ, ಬ್ಯಾಂಕ್ ಖಾತೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನ ಹೆಸರನ್ನೇ ಬಳಸಿ, ತಂದೆಯ ಪೂರ್ಣ ಹೆಸರಿರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಪದವಿ ಪ್ರಮಾಣಪತ್ರದ ಜೊತೆಗಿಟ್ಟು, ಎರಡೂ ಒಬ್ಬನದೇ ಹೆಸರೆಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಸೇರಿಸಿದ್ದೆವು. ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳಿದರು, ವಿವರಿಸಿದ ಮೇಲೆ ಒಪ್ಪಿಕೊಂಡರು.